ಅಮ್ಮನ ಸೀರೆಯ ಕೌದಿ

ಅಮ್ಮ ತೀರಿಕೊಂಡ ಮೇಲೆ ಅವಳ ಹತ್ತಿ ಸೀರೆಗಳಲ್ಲಿ ಗಟ್ಟಿ ಉಳಿದಿದ್ದನ್ನು ಕತ್ತರಿಸಿ ಮೊಮ್ಮಗನಿಗೆ ಕೌದಿ ಹೊಲಿಯಲು ಕೂತೆ. 6 ಇಂಚಿನ 36 ಚೌಕಗಳು. ಕೈಗೆ ಸಿಕ್ಕಿದ್ದನ್ನು ಸೇರಿಸುತ್ತ ಹೋದೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೂಲೆಗಳು ಕೂಡಲೇ ಇಲ್ಲ. ಹೊಲಿಗೆ ಬಿಚ್ಚುವಾಗ ಹಸಿರು ಸೀರೆಯ ಚೌಕ ಹರಿಯಿತು. ಆ ಸೀರೆಯಲ್ಲಿ ಉಳಿದಿದ್ದೇ ಅದೊಂದು.

ಎಲ್ಲ ಬಿಚ್ಚಿ ಮತ್ತೆ ಶುರು ಮಾಡಿದೆ. ನೀವು ಮೊದಲೇ ಹೀಗೆ ಮಾಡಿ.

ಚೌಕಗಳನ್ನು ನೆಲದ ಮೇಲೆ ಆರು ಸಾಲಾಗಿ ಜೋಡಿಸಿ, ಪ್ರತಿ ಸಾಲಿನ ಮೊದಲ ಚೌಕಕ್ಕೆ ಸಂಖ್ಯೆಯ ಚೀಟಿ ಚುಚ್ಚಿ. ಪ್ರತಿ ಸಾಲಿನ ಎರಡನೇ ಚೌಕವನ್ನು ಮೊದಲನೆಯದರ ಮೇಲೆ ಮಗುಚಿಡಿ. ಆರೂ ಜೋಡಿಗಳನ್ನು ನಡುವೆ ನೂಲು ಕತ್ತರಿಸದೆ, ತೋರಣದಂತೆ ಒಂದರ ಹಿಂದೊಂದು ಮಿಷನ್ನಿಗೆ ಕೊಡಿ. ಆಮೇಲೆ ಮೂರನೇ ಚೌಕಗಳು, ನಾಲ್ಕನೆಯವು, ಹೀಗೆ. ನೂಲೇ ಸಾಲುಗಳನ್ನು ಹಿಡಿದಿಡುವುದರಿಂದ ಕ್ರಮ ತಪ್ಪುವುದಿಲ್ಲ.

ಹೊಲಿಗೆಯ ಅಂಚು ಎಲ್ಲೆಡೆ ಕಾಲು ಇಂಚೇ ಇರಲಿ. 1, 3, 5ನೇ ಸಾಲುಗಳ ಅಂಚನ್ನು ಬಲಕ್ಕೆ, 2, 4, 6ನೆಯದನ್ನು ಎಡಕ್ಕೆ ಮಡಿಸಿ ಇಸ್ತ್ರಿ ಒತ್ತಿ. ಸಾಲುಗಳನ್ನು ಒಂದರ ಮೇಲೊಂದು ಇಟ್ಟಾಗ ಆ ಮಡಿಕೆಗಳು ಎದುರುಬದುರಾಗಿ ಕಚ್ಚಿಕೊಳ್ಳುತ್ತವೆ. ಅಲ್ಲಿ ಗುಂಡುಸೂಜಿ ಚುಚ್ಚಿ ಹೊಲಿದರೆ ಮೂಲೆ ಜಾರದು. ಸಾಲುಗಳನ್ನೂ ಮೊದಲು ಎರಡೆರಡಾಗಿ ಸೇರಿಸಿ. ಭಾರದ ಬಟ್ಟೆಯನ್ನು ಎಳೆದಾಡುವುದು ಕಡಿಮೆಯಾಗುತ್ತದೆ.

ಕೊನೆಗೆ ಮೂವತ್ತಮೂರೂವರೆ ಇಂಚಿನ ಮೇಲುಹೊದಿಕೆ ಸಿದ್ಧವಾಯಿತು. ಹಸಿರು ಚೌಕದ ಜಾಗಕ್ಕೆ ನನ್ನದೇ ಹಳೆ ಸೀರೆಯ ತುಂಡು ಹಾಕಿದೆ. ಮೊಮ್ಮಗ ಒಂದೊಂದು ಚೌಕ ಮುಟ್ಟಿ "ಇದು ಯಾರದು?" ಎಂದು ಕೇಳುತ್ತಾನೆ. ಮೂವತ್ತೈದು ಸಲ "ಮುತ್ತಜ್ಜಿಯದು" ಎನ್ನುತ್ತೇನೆ.