ಒಬ್ಬಳ ಚೀಟಿ, ಹತ್ತು ದೇಹ

1985ರಲ್ಲಿ ಆಗಿನ ಆಂಧ್ರಪ್ರದೇಶದ ಪಟಾಂಚೆರುವಿನಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗಕ್ಕೆ ಹೆಂಗಸರನ್ನು ಕರೆತಂದಾಗ, ಅದರ ಅಪಾಯವೇನೆಂದು ಅವರಿಗೆ ಸರಿಯಾಗಿ ಹೇಳಿರಲಿಲ್ಲ. ಸ್ತ್ರೀ ಶಕ್ತಿ ಸಂಘಟನೆ, ಸಹೇಲಿ ಮುಂತಾದ ಗುಂಪುಗಳು 1986ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ಹಾರ್ಮೋನು ಕೊಡುವ ಮುನ್ನ ನಮ್ಮ ದೇಹವನ್ನು ಪರೀಕ್ಷಿಸಿ, ನಮ್ಮನ್ನು ಕೇಳಿ ಎಂಬ ಆ ಮಾತನ್ನು ಇಂದು ಟ್ರಾನ್ಸ್‌ಜೆಂಡರ್ ಮಹಿಳೆಯರ ಜೊತೆ ನಿಂತು ಮತ್ತೆ ಹೇಳಬೇಕಾಗಿದೆ.

ಯಶವಂತಪುರ, ಹೆಬ್ಬಾಳ, ಯಲಹಂಕದ ಬಾಡಿಗೆ ಕೋಣೆಗಳಲ್ಲಿರುವ, ನಾನು ಬಲ್ಲ ಗೆಳತಿಯರಲ್ಲಿ ಹಲವರು ಹೆತ್ತವರ, ಅಣ್ಣಂದಿರ ಹೊಡೆತ ತಾಳಲಾರದೆ ಬಂದವರು. ಡಾಕ್ಟರ ಮುಂದೆ ಕೂತು 'ನಾನು ಹೆಣ್ಣು' ಎಂದರೆ ಎದುರಿನವರು ನಕ್ಕುಬಿಡುವ ಭಯ. ಹಾಗಾಗಿ ಹಿರಿಯಳ ಚೀಟಿಯೇ ಕಿರಿಯಳಿಗೂ ಚೀಟಿ. ಇಲ್ಲವೇ ಅಗ್ಗಕ್ಕೆ ಸಿಗುವ ಮಾಲಾ-ಡಿ, ದಿನಕ್ಕೆ ಎರಡು, ಮೂರು. ಬೇಗ ಎದೆ ಬೆಳೆಯಲಿ ಎಂಬ ಆಸೆ. ಆ ಆಸೆಯನ್ನು ನಾನು ಹಳಿಯಲಾರೆ. ಆದರೆ ಆ ಮಾತ್ರೆಯಲ್ಲಿರುವ ಎಥಿನೈಲ್ ಎಸ್ಟ್ರಾಡಿಯೋಲ್ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಈ ಚಿಕಿತ್ಸೆಗೆ ಅದನ್ನು ಬಳಸಬಾರದೆಂದು ತಜ್ಞರು ಹೇಳಿಯಾಗಿದೆ.

ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಎಸ್ಟ್ರಾಡಿಯೋಲ್ ಮಾತ್ರೆಗೆ ದಿನಕ್ಕೆ 2ರಿಂದ 6 ಮಿಲಿಗ್ರಾಂ ಎನ್ನುತ್ತದೆ. ಎರಡೆಲ್ಲಿ, ಆರೆಲ್ಲಿ! ಒಂದೇ ಮಾತ್ರೆ ನುಂಗಿದ ಇಬ್ಬರ ರಕ್ತದಲ್ಲಿ ಹಾರ್ಮೋನು ಒಂದೇ ಮಟ್ಟಕ್ಕೆ ಏರುವುದಿಲ್ಲ. ಅದಕ್ಕೇ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಪ್ರಮಾಣವನ್ನು ಏರಿಸಬೇಕು, ಇಲ್ಲವೇ ಇಳಿಸಬೇಕು. ವಯಸ್ಸು ನಲವತ್ತೈದು ದಾಟಿದವಳಿಗೆ, ಬೀಡಿ ಸಿಗರೇಟು ಸೇದುವವಳಿಗೆ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪಟ್ಟಿ ಮೇಲು. ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವಳ ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂದು ನೋಡುತ್ತಿರಬೇಕು. ನಿರ್ವಾಣ ಆದವಳಿಗೆ ಗಂಡು ಹಾರ್ಮೋನು ತಡೆಯುವ ಮಾತ್ರೆ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಆದರೆ ಅವಳು ಎಸ್ಟ್ರೊಜೆನ್ನನ್ನೂ ನಿಲ್ಲಿಸಿಬಿಟ್ಟರೆ ಮೂಳೆ ಸವೆಯುತ್ತದೆ. ಇದನ್ನು ಅವಳಿಗೆ ಯಾರು ಹೇಳಿದ್ದಾರೆ? ಬಯಕೆಯೂ ಎಲ್ಲರದೂ ಒಂದೇ ಅಲ್ಲ. ಒಬ್ಬಳಿಗೆ ಮೀಸೆಯ ಕೂದಲು ತೆಳುವಾದರೆ ಸಾಕು, ಇನ್ನೊಬ್ಬಳಿಗೆ ಮೈಯೆಲ್ಲ ಬದಲಾಗಬೇಕು. ಅದನ್ನು ಕೇಳದೆ ಬರೆದ ಚೀಟಿ ಅರ್ಧ ಚಿಕಿತ್ಸೆಯೇ.

ಕರ್ನಾಟಕ 2017ರಲ್ಲೇ ಟ್ರಾನ್ಸ್‌ಜೆಂಡರ್ ನೀತಿ ತಂದಿತು. ಹಾರ್ಮೋನು ಚಿಕಿತ್ಸೆಯನ್ನೂ ಅದರ ಹಿಂದುಮುಂದಿನ ಸಮಾಲೋಚನೆಯನ್ನೂ ಸರ್ಕಾರ ಒದಗಿಸಬೇಕೆಂದು 2019ರ ಕೇಂದ್ರ ಕಾಯಿದೆಯ 15ನೇ ಕಲಮು ಹೇಳಿತು. ಕಾಯಿದೆ ಹೇಳಿದ ಮಾತ್ರಕ್ಕೆ ಹೆಬ್ಬಾಳದ ಸಿಗ್ನಲ್ಲಿನಲ್ಲಿ ಕೈಯೊಡ್ಡುವವಳಿಗೆ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ದುಡ್ಡೆಲ್ಲಿಂದ ಬರಬೇಕು? ಯಲಹಂಕದಂಥ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲೇ, ಹೆಸರು ಹಿಡಿದು ಮರ್ಯಾದೆಯಿಂದ ಕರೆಯುವ ಡಾಕ್ಟರ ಬಳಿ, ಈ ಪರೀಕ್ಷೆ ಪುಕ್ಕಟೆಯಾಗಿ ಆಗಬೇಕು. ಮಹಿಳಾ ಸಂಘಟನೆಗಳು ಆರೋಗ್ಯ ಇಲಾಖೆಗೆ ಕೊಡುವ ಮನವಿಗಳಲ್ಲಿ ಇದನ್ನೂ ಸೇರಿಸಬೇಕೆಂದು ಕೇಳುತ್ತೇನೆ.

ಅಲ್ಲಿಯವರೆಗೆ, ಗೆಳತಿಯರೇ, ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಎದೆನೋವು ಬಂದರೆ, ಉಸಿರು ಕಟ್ಟಿದರೆ ಬೆಳಗಾಗಲೆಂದು ಕಾಯಬೇಡಿ. ತುರ್ತು ಚಿಕಿತ್ಸೆಗೆ ಹೋಗಿ. ನುಂಗುತ್ತಿರುವ ಮಾತ್ರೆಯ ಹಾಳೆಯನ್ನು ಜೊತೆಗೇ ಒಯ್ಯಿರಿ.