ಸೈಕಲ್ಲು ಹೆಗಲೇರುವ ಬೆಟ್ಟ

ಸೈಕಲ್ಲು ಮನುಷ್ಯನನ್ನು ಹೊರುವುದು ಲೋಕರೂಢಿ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಡೇಲ್ಸ್ ಎಂಬ ಗುಡ್ಡಗಾಡಿನಲ್ಲಿ ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ ಈ ರೂಢಿ ತಿರುವುಮುರುವಾಗುತ್ತದೆ. ನೂರಾರು ಸವಾರರು ಮಳೆ, ಮಂಜು, ಗಾಳಿಯ ನಡುವೆ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು, ಹುಲ್ಲಿನ ಜೊಂಪೆಗಳನ್ನು ಕೈಯಲ್ಲಿ ಹಿಡಿದು ಬೆಟ್ಟ ಹತ್ತುತ್ತಾರೆ. ಇದು ‘ತ್ರೀ ಪೀಕ್ಸ್ ಸೈಕ್ಲೋ-ಕ್ರಾಸ್’, ಅಂದರೆ ಮೂರು ಶಿಖರಗಳ ಸೈಕಲ್ ಸ್ಪರ್ಧೆ. ದೂರದಿಂದ ನೋಡುವವರಿಗೆ ಇದೊಂದು ಹುಚ್ಚು ಸಾಹಸ. ಹತ್ತಿರ ಹೋಗಿ ನೋಡಿದರೆ ನೆಲ, ನೀರು, ಗಾಳಿ ಮತ್ತು ದೇಹದ ಶಾಖ, ಈ ನಾಲ್ಕರ ಲೆಕ್ಕಾಚಾರ. ಆ ಲೆಕ್ಕ ಅರ್ಥವಾದರೆ ಸ್ಪರ್ಧೆಯ ವಿಚಿತ್ರ ನಿಯಮಗಳೂ ಅರ್ಥವಾಗುತ್ತವೆ.

ಮೊದಲು ಸೈಕ್ಲೋ-ಕ್ರಾಸ್ ಎಂದರೇನು ನೋಡೋಣ. ಇದು ಫ್ರಾನ್ಸಿನಲ್ಲಿ ಹುಟ್ಟಿದ ಆಟ. ಅಲ್ಲಿನ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು 1902ರಲ್ಲಿ. ಬೇಸಿಗೆಯಲ್ಲಿ ರಸ್ತೆ ಸ್ಪರ್ಧೆಗಳಲ್ಲಿ ಓಡುವ ಸವಾರರಿಗೆ ಚಳಿಗಾಲದಲ್ಲಿ ಮೈ ಕಾಯಿಸಿಕೊಳ್ಳಲು ಇದೊಂದು ದಾರಿಯಾಯಿತು. ಕೆಸರು, ಹುಲ್ಲು, ಮರಳು, ಅಲ್ಲಲ್ಲಿ ಅಡ್ಡಹಲಗೆಗಳು ಇರುವ ಮೂರು ಕಿಲೋಮೀಟರಿನಷ್ಟು ದೂರದ, ಹೆಚ್ಚಾಗಿ ಉದ್ಯಾನಗಳಲ್ಲಿ ಹಾಕುವ ಸುತ್ತನ್ನು ಸುಮಾರು ಒಂದು ಗಂಟೆ ಕಾಲ ಮತ್ತೆ ಮತ್ತೆ ಸುತ್ತುವುದು ಇದರ ಸಾಮಾನ್ಯ ರೂಪ. ಸೈಕಲ್ಲು ನೋಡಲು ರಸ್ತೆ ರೇಸಿನ ಸೈಕಲ್ಲಿನಂತೆಯೇ ಇರುತ್ತದೆ: ಕೆಳಕ್ಕೆ ಬಾಗಿದ ಹ್ಯಾಂಡಲ್, ಹಗುರವಾದ ಚೌಕಟ್ಟು. ಟೈರು ಮಾತ್ರ ತುಸು ಅಗಲ, ಮೇಲ್ಮೈ ಗಂಟುಗಂಟು. ಗುಂಡಿಗಳ ಪೆಟ್ಟು ನುಂಗುವ ಸಸ್ಪೆನ್ಷನ್, ಅಂದರೆ ನಮ್ಮ ಬೈಕುಗಳ ಶಾಕ್ ಅಬ್ಸಾರ್ಬರ್‌ನಂಥದ್ದು, ಇದಕ್ಕಿರುವುದಿಲ್ಲ.

ಇಂಥ ಉದ್ಯಾನದ ಆಟವನ್ನು ಬೆಟ್ಟಕ್ಕೆ ಕೊಂಡೊಯ್ದವರು ಜಾನ್ ರಾನ್ಸ್ಲಿ. 1961ರಲ್ಲಿ ಮೊದಲ ಸ್ಪರ್ಧೆ ಏರ್ಪಡಿಸಿದವರೂ ಅವರೇ, ಅದನ್ನು ಗೆದ್ದವರೂ ಅವರೇ. ಈಗಿನ ದಾರಿ ಸುಮಾರು 61 ಕಿಲೋಮೀಟರ್. ಹೆಲ್ವಿತ್ ಬ್ರಿಡ್ಜ್ ಎಂಬ ಪುಟ್ಟ ಊರಿನಲ್ಲಿ ಹೊರಟು ಇಂಗಲ್‌ಬರೋ (723 ಮೀಟರ್), ವರ್ನ್‌ಸೈಡ್ (736 ಮೀಟರ್), ಪೆನಿಗೆಂಟ್ (694 ಮೀಟರ್) ಬೆಟ್ಟಗಳನ್ನು ಹತ್ತಿಳಿದು ಅಲ್ಲಿಗೇ ಮರಳಬೇಕು. ಒಟ್ಟು ಏರುವ ಎತ್ತರ ಸುಮಾರು 1,500 ಮೀಟರ್. ಅರ್ಧಕ್ಕಿಂತ ಹೆಚ್ಚು ದಾರಿ ಡಾಂಬರು ಕಾಣದ್ದು. ಅದರಲ್ಲೂ ಆರೆಂಟು ಕಿಲೋಮೀಟರ್ ಯಾರೂ ತುಳಿದುಕೊಂಡು ಹೋಗಲಾಗದ್ದು. ಮುಂಚೂಣಿಯವರಿಗೆ ಇದೆಲ್ಲಕ್ಕೆ ಸುಮಾರು ಮೂರು ಗಂಟೆ ಸಾಕು, ಉಳಿದವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು.

ಎತ್ತರದ ಅಂಕಿಗಳನ್ನು ಕಂಡು ನಮ್ಮವರಿಗೆ ನಗು ಬರಬಹುದು. ವಾರಾಂತ್ಯದಲ್ಲಿ ಬೆಂಗಳೂರಿನ ಸೈಕಲ್ ಸವಾರರು ಹತ್ತಿ ಬರುವ ನಂದಿಬೆಟ್ಟ 1,478 ಮೀಟರ್, ಈ ಬೆಟ್ಟಗಳ ಎರಡರಷ್ಟು. ಆದರೆ ನಂದಿ ಇರುವುದು ಉಷ್ಣವಲಯದಲ್ಲಿ. ಯಾರ್ಕ್‌ಶೈರ್ ಇರುವುದು 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಟ್ಲಾಂಟಿಕ್ ಕಡೆಯಿಂದ ಬರುವ ತೇವದ ಪಡುವಣ ಗಾಳಿಗೆ ದಾರಿಯಲ್ಲಿ ಎದುರಾಗುವ ಗೋಡೆಗಳು ಈ ಗುಡ್ಡಗಳು. ಗಾಳಿ ಮೇಲೇರಿ ತಣ್ಣಗಾಗಿ ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ಮಳೆ ಕಂಡವರಿಗೆ ಈ ವಿದ್ಯಮಾನ ಹೊಸದಲ್ಲ. ಯಾರ್ಕ್‌ಶೈರ್‌ನ ಮಳೆಯ ಜೊತೆಗೆ ಚಳಿಯೂ ಇರುತ್ತದೆ ಎಂಬುದಷ್ಟೇ ವ್ಯತ್ಯಾಸ. ಆ ವ್ಯತ್ಯಾಸವೇ ದೊಡ್ಡದು.

ಇನ್ನು ನೆಲದ ವಿಚಾರ. ಈ ಬೆಟ್ಟಗಳ ಬುಡದಲ್ಲಿ ಸುಣ್ಣಕಲ್ಲು, ಅದರ ಮೇಲೆ ಜೇಡಿಶಿಲೆ, ಮರಳುಗಲ್ಲುಗಳ ಪದರಗಳು, ನೆತ್ತಿಯಲ್ಲಿ ಗಟ್ಟಿಯಾದ ಒರಟುಕಲ್ಲಿನ ಟೋಪಿ. ಸುಣ್ಣಕಲ್ಲು ಬಿರುಕುಗಳಲ್ಲಿ ನೀರನ್ನು ಕುಡಿದುಬಿಡುತ್ತದೆ. ಇಂಗಲ್‌ಬರೋ ಪಕ್ಕದಲ್ಲಿರುವ ಗೇಪಿಂಗ್ ಗಿಲ್ ಎಂಬ ಕಂದಕಕ್ಕೆ ಒಂದು ಹಳ್ಳವೇ ಸುಮಾರು 100 ಮೀಟರ್ ಆಳಕ್ಕೆ ಧುಮುಕಿ ಕಣ್ಮರೆಯಾಗುತ್ತದೆ. ಜೇಡಿಶಿಲೆ ಹಾಗಲ್ಲ, ನೀರನ್ನು ಒಳಬಿಡುವುದಿಲ್ಲ. ಹೀಗಾಗಿ ಮೇಲಿನ ಇಳಿಜಾರುಗಳಲ್ಲಿ ನೀರು ನಿಂತು, ಸತ್ತ ಹುಲ್ಲು ಪಾಚಿಗಳು ಪೂರ್ತಿ ಕೊಳೆಯದೆ ಕಪ್ಪು ಸ್ಪಂಜಿನಂತೆ ಶೇಖರವಾಗುತ್ತವೆ. ಇದಕ್ಕೆ ಪೀಟ್ ಎನ್ನುತ್ತಾರೆ. ಮಳೆ ಬಂದ ಮೇಲೆ ಇದು ನೆಲವೂ ಅಲ್ಲ, ನೀರೂ ಅಲ್ಲ.

ಈ ಪೀಟ್ ಮೇಲೆ ಸೈಕಲ್ಲಿಗಿಂತ ಕಾಲು ವಾಸಿ. ಕಾರಣ ಸರಳ. ಮೆತ್ತನೆಯ ನೆಲದ ಮೇಲೆ ಟೈರು ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಟೈರಿನಲ್ಲಿ 50 ಪಿಎಸ್‌ಐ ಗಾಳಿ ಇದ್ದರೆ ನೆಲಕ್ಕೂ ಸುಮಾರು ಅಷ್ಟೇ. 75 ಕಿಲೋ ತೂಕದ ಮನುಷ್ಯ ಒಂದು ಪಾದದ ಮೇಲೆ ನಿಂತರೆ ಒತ್ತಡ ಅದರ ಏಳನೇ ಒಂದು ಭಾಗವೂ ಇರಲಿಕ್ಕಿಲ್ಲ. ಕಾಲು ಹೂತುಹೋಗದ ಕಡೆ ಚಕ್ರ ಹೂತುಹೋಗುತ್ತದೆ. ಮುಂದಿನ ಚಕ್ರ ಹೂತು ನಿಂತರೆ ಸವಾರ ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತಾನೆ.

ಹಾಗಾದರೆ ಟೈರಿನ ಗಾಳಿ ಇಳಿಸಬಹುದಲ್ಲ? ಉದ್ಯಾನದ ಸೈಕ್ಲೋ-ಕ್ರಾಸ್‌ನಲ್ಲಿ ಮಾಡುವುದು ಅದನ್ನೇ. ಕಾರಿಗೆ ಬಂಕ್‌ನಲ್ಲಿ ತುಂಬಿಸುವ 30 ಪಿಎಸ್‌ಐಗಿಂತಲೂ ಕಡಿಮೆ ಇಟ್ಟುಕೊಳ್ಳುವವರುಂಟು. ಆದರೆ ಇಲ್ಲಿ ಕೆಸರು ಮುಗಿದ ಮರುಗಳಿಗೆ ಚೂಪುಗಲ್ಲುಗಳ ಇಳಿಜಾರು. ಗಾಳಿ ಕಡಿಮೆ ಇದ್ದರೆ ಕಲ್ಲಿನ ಏಟಿಗೆ ಟೈರು ಚಪ್ಪಟೆಯಾಗಿ, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಜಜ್ಜಿಹೋಗುತ್ತದೆ. ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಗುರುತಿನ ಹಾಗೆ. ಅನುಭವಸ್ಥರು ಕೆಸರಿನಲ್ಲಿ ಕಷ್ಟವಾದರೂ ಪರವಾಗಿಲ್ಲವೆಂದು ಗಾಳಿ ಬಿಗಿಯಾಗಿಯೇ ತುಂಬಿಕೊಳ್ಳುತ್ತಾರೆ. ಅಗಲ ಟೈರು ಹಾಕಿದರೆ ಎರಡೂ ತೊಂದರೆ ಕಡಿಮೆಯಾಗುತ್ತಿತ್ತು. ಆದರೆ ನಿಯಮದ ಪ್ರಕಾರ ಟೈರಿನ ಅಗಲ 35 ಮಿಲಿಮೀಟರ್ ಮೀರುವಂತಿಲ್ಲ. ದಪ್ಪ ಟೈರಿನ ಮೌಂಟನ್ ಬೈಕಿಗೆ ಪ್ರವೇಶವೇ ಇಲ್ಲ.

ಹೊರುವುದಕ್ಕೂ ಒಂದು ಗಣಿತವಿದೆ. ಮೊದಲ ಬೆಟ್ಟಕ್ಕೆ ಹತ್ತುವ ಸೈಮನ್ ಫೆಲ್ ಇಳಿಜಾರು ಹಲವು ಕಡೆ ಗೋಡೆಯಂತೆ ಎದ್ದು ನಿಂತಿದೆ. ಹತ್ತು ಅಡಿ ಮುಂದೆ ಹೋದರೆ ಮೂರು ಅಡಿ ಮೇಲೇರುವ ಕಡಿದಾದ ದಾರಿಯಲ್ಲಿ, ಒಳ್ಳೆಯ ತಾಲೀಮು ಇರುವ ಸವಾರ 250 ವ್ಯಾಟ್ ಶಕ್ತಿ ಹಾಕಿ ತುಳಿದರೂ ವೇಗ ಗಂಟೆಗೆ ನಾಲ್ಕು ಕಿಲೋಮೀಟರಿನ ಆಸುಪಾಸು. ಅಷ್ಟು ನಿಧಾನದಲ್ಲಿ ಸೈಕಲ್ಲಿನ ಮೇಲೆ ಸಮತೋಲ ಕಾಯುವುದೇ ಕಷ್ಟ, ಒದ್ದೆ ಹುಲ್ಲಿನಲ್ಲಿ ಹಿಂದಿನ ಚಕ್ರ ಜಾರುತ್ತದೆ. ಅಷ್ಟೇ ಶ್ರಮಕ್ಕೆ ನಡೆದರೂ ಅದೇ ವೇಗ ಸಿಗುತ್ತದೆ. ತಳ್ಳಿಕೊಂಡು ಹೋದರೆ ಪ್ರತಿ ಕಲ್ಲು, ಪ್ರತಿ ಹುಲ್ಲಿನ ಜೊಂಪೆ ಚಕ್ರವನ್ನು ತಡೆಯುತ್ತದೆ. ಆದ್ದರಿಂದ ಬಲಗೈಯನ್ನು ಚೌಕಟ್ಟಿನ ತ್ರಿಕೋನದೊಳಗೆ ತೂರಿಸಿ, ಮೇಲಿನ ಕೊಳವೆಯನ್ನು ಹೆಗಲ ಮೇಲಿಟ್ಟು, ಅದೇ ಕೈಯಿಂದ ಹ್ಯಾಂಡಲನ್ನು ಎದೆಗೆ ಒತ್ತಿ ಹಿಡಿಯುತ್ತಾರೆ. ಎಡಗೈ ಬೇಲಿಗೆ, ಹುಲ್ಲಿಗೆ, ಮೊಣಕಾಲಿಗೆ. ಎಂಟೊಂಬತ್ತು ಕಿಲೋ ತೂಕದ ಸೈಕಲ್ಲನ್ನು ಹೀಗೆ ಹೊರಬಹುದು. ಈ ಸ್ಪರ್ಧೆಯನ್ನು ಹಲವು ಬಾರಿ ಗೆದ್ದ ರಾಬ್ ಜೆಬ್ ಮೂಲತಃ ಬೆಟ್ಟದ ಓಟಗಾರ ಎಂಬುದು ಆಕಸ್ಮಿಕವಲ್ಲ.

ಗಾಳಿ ಬೀಸಿದಾಗ ಹೆಗಲ ಮೇಲಿನ ಸೈಕಲ್ಲು ಹಾಯಿಯಂತಾಗಿ ಮನುಷ್ಯನನ್ನು ಪಕ್ಕಕ್ಕೆ ತಿರುಗಿಸುತ್ತದೆ. ಅದಕ್ಕಿಂತ ಗಂಭೀರವಾದದ್ದು ಶಾಖದ ಲೆಕ್ಕ. ನಮ್ಮ ಸ್ನಾಯುಗಳು ಅಷ್ಟೇನೂ ಮಿತವ್ಯಯಿಗಳಲ್ಲ. ತಿಂದದ್ದರಿಂದ ಸಿಗುವ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗದಷ್ಟು ಮಾತ್ರ ಪೆಡಲಿಗೆ ಹೋಗುತ್ತದೆ, ಉಳಿದದ್ದು ಶಾಖವಾಗುತ್ತದೆ. ಪೆಡಲಿಗೆ 250 ವ್ಯಾಟ್ ಹಾಕುವವನ ಮೈ ಸುಮಾರು 750 ವ್ಯಾಟ್ ಶಾಖ ಹೊರಬಿಡುತ್ತದೆ. ಇದು ನಮ್ಮ ಮನೆಯ ಸಾಧಾರಣ ಇಸ್ತ್ರಿಪೆಟ್ಟಿಗೆಯಷ್ಟು. ಹಾಗಾಗಿ ಏರುವಾಗ ಎಂಥ ಚಳಿಯಲ್ಲೂ ಬೆವರು ಹರಿಯುತ್ತದೆ, ಅಂಗಿ ತೊಯ್ಯುತ್ತದೆ. ಅದೇ ಮನುಷ್ಯ ಸುಮ್ಮನೆ ನಿಂತರೆ ಶಾಖ ಹಳೆಯ ನೂರು ವ್ಯಾಟಿನ ಬಲ್ಬಿನ ಮಟ್ಟಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಪೆಡಲು ತುಳಿಯುವ ಕೆಲಸ ಕಡಿಮೆ, ಗಾಳಿಯ ಹೊಡೆತ ಹೆಚ್ಚು. ಬೆವರಿ ತೊಯ್ದ ಮೈ ಅತಿ ಹೆಚ್ಚು ತಣ್ಣಗಾಗುವುದು ಅಲ್ಲಿಯೇ.

ಕಣಿವೆಯಲ್ಲಿ 8 ಡಿಗ್ರಿ ಇದ್ದರೆ ಐನೂರು ಮೀಟರ್ ಮೇಲೆ ಸುಮಾರು 5 ಡಿಗ್ರಿ. ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ ಬಯಲಾದ ಚರ್ಮಕ್ಕೆ ಅದು ಸೊನ್ನೆಗಿಂತ ಕೆಳಗಿನ ಚಳಿಯಂತೆ ತಟ್ಟುತ್ತದೆ, ಏಕೆಂದರೆ ಮೈ ಸುತ್ತ ಕೂಡಿಟ್ಟುಕೊಂಡ ಬೆಚ್ಚನೆಯ ಗಾಳಿಯ ಪದರವನ್ನು ಅದು ಕಿತ್ತೊಯ್ಯುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಕಷ್ಟ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಆರುವಾಗಲೂ ಅದು ಶಾಖವನ್ನು ಹೀರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಉಪಾಯವೇ ಇಲ್ಲಿ ಮನುಷ್ಯನ ಮೇಲೆ ನಡೆಯುತ್ತದೆ.

ಈಗ ಒಂದು ಸನ್ನಿವೇಶ ಊಹಿಸಿಕೊಳ್ಳಿ. ವರ್ನ್‌ಸೈಡ್ ಇಳಿಯುವಾಗ ಟ್ಯೂಬು ಪಂಕ್ಚರ್ ಆಗುತ್ತದೆ. ಕೆಳಗೆ 24 ಕಮಾನುಗಳ ರಿಬಲ್‌ಹೆಡ್ ರೈಲ್ವೆ ಸೇತುವೆ ಇದೆ, ಅಲ್ಲಿ ಬದಲಿ ಸೈಕಲ್ಲು ಹಿಡಿದುಕೊಂಡು ಸ್ನೇಹಿತ ಕಾಯುತ್ತಿದ್ದಾನೆ. ಆದರೆ ಮಂಜಿನಲ್ಲಿ ಯಾವುದೂ ಕಾಣುತ್ತಿಲ್ಲ. ಸವಾರ ಕೂತು ಚಕ್ರ ಬಿಚ್ಚುತ್ತಾನೆ. ಮನೆಯಲ್ಲಿ ಐದು ನಿಮಿಷದ ಕೆಲಸ. ಇಲ್ಲಿ ದೇಹ ಒಳಗಿನ ಅಂಗಗಳನ್ನು ಬೆಚ್ಚಗಿಡಲು ಬೆರಳುಗಳಿಗೆ ಹೋಗುವ ರಕ್ತವನ್ನು ಆಗಲೇ ಕಡಿತಗೊಳಿಸಿದೆ. ಟೈರಿನ ಅಂಚನ್ನು ರಿಮ್ಮಿನಿಂದ ಎಬ್ಬಿಸಲು ಹೆಬ್ಬೆರಳಿಗೆ ಬಲವಿಲ್ಲ. ವಾಲ್ವಿನ ಪುಟ್ಟ ತಿರುಪು ಕೈಗೆ ತಗುಲಿದ್ದೇ ತಿಳಿಯುವುದಿಲ್ಲ. ಐದು ನಿಮಿಷ ಇಪ್ಪತ್ತಾಗುತ್ತದೆ, ಅಷ್ಟರಲ್ಲಿ ಇಸ್ತ್ರಿಪೆಟ್ಟಿಗೆ ಬಲ್ಬಾಗಿದೆ, ನಡುಕ ಶುರುವಾಗಿದೆ.

ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಮೈ ಶಾಖ ಕುಸಿದ ಸ್ಥಿತಿ. ಇದರ ಕಪಟ ಎಲ್ಲಿದೆಯೆಂದರೆ, ಮೊದಲೇ ಮಂಕಾಗುವವುಗಳಲ್ಲಿ ವಿವೇಚನೆಯೂ ಒಂದು. ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಆದರೂ ‘ನಾನು ಸರಿಯಾಗಿದ್ದೇನೆ’ ಎಂದೇ ಅನಿಸುತ್ತದೆ. ಜಾಕೆಟ್ ಚೀಲದಲ್ಲೇ ಇದ್ದರೂ ಹಾಕಿಕೊಳ್ಳಬೇಕು ಎಂದು ಹೊಳೆಯುವುದಿಲ್ಲ. ಅಂದರೆ ನಿರ್ಧಾರ ತೆಗೆದುಕೊಳ್ಳುವ ಅಗತ್ಯ ಅತಿ ಹೆಚ್ಚಾಗಿರುವ ಹೊತ್ತಿಗೆ ನಿರ್ಧರಿಸುವ ಸಾಮರ್ಥ್ಯವೇ ಕೈಕೊಡುತ್ತದೆ.

ಹೀಗಾಗಿ ಈ ಸ್ಪರ್ಧೆಯಲ್ಲಿ ಪ್ರತಿಯೊಬ್ಬರೂ ಒಂದು ಸೀಟಿ, ಒಳಗೆ ತೂರಿ ಮಲಗಬಹುದಾದ ಒಂದು ದೊಡ್ಡ ರಕ್ಷಣಾ ಚೀಲ ಒಯ್ಯಲೇಬೇಕು. ಚೀಲ ಗಾಳಿಯನ್ನು ತಡೆದು ಬೆಚ್ಚನೆಯ ಪದರವನ್ನು ಉಳಿಸುತ್ತದೆ. ಮಂಜಿನಲ್ಲಿ ಕೂಗು ಕೇಳದ ಕಡೆ ಸೀಟಿ ಕೇಳುತ್ತದೆ. ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿದರೆ ಬೆಟ್ಟದವರಿಗೆಲ್ಲ ಅದು ಆಪತ್ತಿನ ಕರೆ. ಸೀಟಿ, ಚೀಲ ಎರಡೂ ಸೇರಿ ಅಂಥ ಭಾರವೇನಿಲ್ಲ. ಆದರೂ ಗ್ರಾಂ ಲೆಕ್ಕ ಹಾಕುವ ಸ್ಪರ್ಧಿ ತಾನಾಗಿ ಒಯ್ಯಲಾರ.

ಕಡ್ಡಾಯಕ್ಕೂ ಸಲಹೆಗೂ ಇರುವ ಅಂತರ ಎಷ್ಟು ಎಂಬುದನ್ನು ಇನ್ನೊಂದು ದೇಶ ಬಹಳ ಬೆಲೆ ತೆತ್ತು ಕಂಡಿತು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ಬೆಟ್ಟದ ಓಟ ನಡೆಯುತ್ತಿತ್ತು. ಹಠಾತ್ತನೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ. 172 ಮಂದಿಯಲ್ಲಿ 21 ಜನ ಸತ್ತರು, ಅವರಲ್ಲಿ ಆ ದೇಶದ ಅಗ್ರ ಓಟಗಾರರೂ ಇದ್ದರು. ಗಾಳಿ ತಡೆಯುವ ಜಾಕೆಟ್ ಅಲ್ಲಿನ ಕಡ್ಡಾಯ ಪಟ್ಟಿಯಲ್ಲಿರಲಿಲ್ಲ, ‘ಇದ್ದರೆ ಒಳ್ಳೆಯದು’ ಎಂಬ ಪಟ್ಟಿಯಲ್ಲಿತ್ತು. ಆ ದಿನ ಒಬ್ಬ ಕುರಿಗಾಹಿ ತಾನು ಮಳೆಗೆ ಆಶ್ರಯ ಪಡೆದಿದ್ದ ಗುಹೆಗೆ ಆರು ಓಟಗಾರರನ್ನು ಕರೆತಂದು, ಬೆಂಕಿ ಹೊತ್ತಿಸಿ ಬದುಕಿಸಿದ. ಅವನಿಗೆ ಬೆಟ್ಟದ ಹವೆ ಗೊತ್ತಿತ್ತು.

ಯಾರ್ಕ್‌ಶೈರ್‌ನಲ್ಲೂ ಬೆಟ್ಟ ಕುರಿ ಸಾಕುವವರದೇ. ಸ್ಪರ್ಧೆಯ ದಾರಿಯ ಕೆಲವು ಭಾಗ ಉಳಿದ ದಿನಗಳಲ್ಲಿ ಸೈಕಲ್ಲಿಗೆ ಮುಕ್ತವಲ್ಲ. ಜಮೀನಿನವರು ಒಪ್ಪಿದರೆ ಆ ಒಂದು ದಿನ ಮಾತ್ರ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹರಡಿದಾಗ ಸ್ಪರ್ಧೆಯೇ ನಡೆಯಲಿಲ್ಲ. ಬೆಟ್ಟ ತಮ್ಮದಲ್ಲ ಎಂಬ ಅರಿವು ಇಂಥ ಸ್ಪರ್ಧೆಗಳಿಗೆ ಹೊರಗಿನಿಂದ ಬಂದ ಅಡ್ಡಿಯಲ್ಲ, ಅವು ನಿಂತಿರುವ ನೆಲವೇ ಅದು.

ನಮ್ಮ ಘಟ್ಟಗಳಲ್ಲೂ ಈಗ ಓಟ, ಸೈಕಲ್, ಚಾರಣಗಳ ಸಂಭ್ರಮ ಹೆಚ್ಚುತ್ತಿದೆ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಆಷಾಢದ ಗಾಳಿಗೆ ಒದ್ದೆ ಅಂಗಿಯಲ್ಲಿ ನಿಂತವರಿಗೆ ಹಲ್ಲು ಕಟಕಟಿಸಿದ ನೆನಪಿರುತ್ತದೆ. ಮೈ ತಣ್ಣಗಾಗಲು ಹಿಮವೇ ಬೀಳಬೇಕಿಲ್ಲ. ಮಳೆ, ಗಾಳಿ ಮತ್ತು ದಣಿವು ಒಟ್ಟಿಗೆ ಬಂದರೆ ಹತ್ತು ಹದಿನೈದು ಡಿಗ್ರಿಯೂ ಅಪಾಯವೇ. ತ್ರೀ ಪೀಕ್ಸ್‌ನಿಂದ ನಾವು ಕಲಿಯಬಹುದಾದ್ದು ಸಾಹಸಕ್ಕಿಂತ ಹೆಚ್ಚಾಗಿ ಅದರ ವ್ಯವಸ್ಥೆ ಎಂದು ನನಗನಿಸುತ್ತದೆ. ಏನು ಒಯ್ಯಬೇಕು, ಎಷ್ಟು ಹೊತ್ತಿನೊಳಗೆ ಯಾವ ತಾಣ ದಾಟದಿದ್ದರೆ ಹಿಂದಿರುಗಬೇಕು, ಯಾವ ಹವೆಯಲ್ಲಿ ದಾರಿ ಮೊಟಕುಗೊಳಿಸಬೇಕು ಎಂಬುದನ್ನು ಬೆಟ್ಟದ ಮೇಲೆ ನಡುಗುತ್ತಿರುವವನ ವಿವೇಚನೆಗೆ ಬಿಡಬಾರದು. ಬುಡದಲ್ಲಿ, ಒಣಬಟ್ಟೆ ಹಾಕಿಕೊಂಡು, ಬಿಸಿ ಕಾಫಿ ಕುಡಿಯುತ್ತಾ ಅದನ್ನು ತೀರ್ಮಾನಿಸಿ, ಚೀಲಕ್ಕೆ ಸೀಟಿ ಹಾಕಿಕೊಂಡ ಮೇಲೆ ಸೈಕಲ್ಲನ್ನು ಹೆಗಲಿಗೇರಿಸಬಹುದು.