ಕಪ್ಪು ಮುಸುಕಿನ ಆಚೆ, ಈಚೆ

ಒಂದು ಭಾನುವಾರದ ಬೆಳಿಗ್ಗೆ ಪಾದ್ರಿಯೊಬ್ಬ ಮುಖದ ಮೇಲೆ ಕಪ್ಪು ಮುಸುಕು ಹಾಕಿಕೊಂಡು ಪ್ರಾರ್ಥನೆಗೆ ಬರುತ್ತಾನೆ. ಕಾರಣ ಹೇಳುವುದಿಲ್ಲ, ಸಾಯುವವರೆಗೂ ಅದನ್ನು ಯಾರೆದುರೂ ತೆಗೆಯುವುದಿಲ್ಲ. ಅಮೆರಿಕದ ಕಥೆಗಾರ ನಥಾನಿಯಲ್ ಹಾಥಾರ್ನ್ 1836ರ ‘ದಿ ಟೋಕನ್’ ವಾರ್ಷಿಕಕ್ಕೆ ಬರೆದ ‘ದಿ ಮಿನಿಸ್ಟರ್ಸ್ ಬ್ಲ್ಯಾಕ್ ವೇಲ್’ ಕಥೆಯ ಎಳೆ ಇಷ್ಟೇ.

ಇದನ್ನು ಓದಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಪಾದ್ರಿ ಹೂಪರ್ ಮಾಡಿದ ಪಾಪವಾದರೂ ಯಾವುದು? ಎಡ್ಗರ್ ಅಲನ್ ಪೋನಂಥ ಲೇಖಕನೂ ಈ ಕುತೂಹಲದಿಂದ ಪಾರಾಗಲಿಲ್ಲ. ಮುಸುಕು ಕಾಣಿಸಿಕೊಂಡ ದಿನವೇ ನಡೆದ ತರುಣಿಯೊಬ್ಬಳ ಶವಸಂಸ್ಕಾರಕ್ಕೂ ಪಾದ್ರಿಯ ಅಪರಾಧಕ್ಕೂ ನಂಟಿದೆಯೆಂದು ಆತ 1842ರ ವಿಮರ್ಶೆಯಲ್ಲಿ ಸೂಚಿಸಿದ. ಆದರೆ ಇಂಥ ಪತ್ತೇದಾರಿಕೆಗೆ ಇಳಿದೊಡನೆ ನಾವೂ ಕಥೆಯೊಳಗಿನ ಮಿಲ್ಫರ್ಡ್ ಊರಿನ ಜನರಾಗಿಬಿಡುತ್ತೇವೆ.

ಆ ಜನ ಮಾಡಿದ್ದೇನು? ಅಂದಿನ ಪ್ರವಚನದ ವಿಷಯ ಗುಪ್ತ ಪಾಪ. ಕೇಳಿದ ಪ್ರತಿಯೊಬ್ಬರಿಗೂ ತಮ್ಮೊಳಗನ್ನು ಪಾದ್ರಿ ಕಂಡುಬಿಟ್ಟನೆಂಬ ಅಳುಕು. ಆ ಅಳುಕನ್ನು ಒಪ್ಪಿಕೊಳ್ಳುವ ಬದಲು ಅವರು ಪಾದ್ರಿಯನ್ನೇ ದೂರವಿಟ್ಟರು. ಪ್ರತಿ ಭಾನುವಾರ ಊಟಕ್ಕೆ ಕರೆಯುತ್ತಿದ್ದ ಹಿರಿಯರು ಅಂದು ಕರೆಯಲು ಮರೆತರು. ಮಕ್ಕಳು ಆಟ ಬಿಟ್ಟು ಓಡಿದರು. ಕಾರಣ ಕೇಳಲು ಹೋದ ನಿಯೋಗ ಬಾಯಿಬಿಡಲಾರದೆ ಮರಳಿತು. ಆದರೆ ಸಾವಿನ ಹಾಸಿಗೆಯಲ್ಲಿದ್ದ ಪಾಪಿಗಳಿಗೆ ಮಾತ್ರ ಅದೇ ಹೂಪರ್ ಬೇಕಾಗಿತ್ತು.

ಹಾಗೆಂದು ಹೂಪರ್‌ನನ್ನು ಸಂತನ ಪೀಠದಲ್ಲಿ ಕೂರಿಸುವಂತೆಯೂ ಇಲ್ಲ. ಆತನಿಗೆ ನಿಶ್ಚಯವಾಗಿದ್ದ ಎಲಿಜಬೆತ್, ಒಮ್ಮೆಯಾದರೂ ಮುಸುಕೆತ್ತಿ ತನ್ನನ್ನು ನೋಡು ಎಂದು ಕೇಳಿದಳು. ತನ್ನನ್ನು ತೊರೆಯಬೇಡವೆಂದು ಅಂಗಲಾಚಿದ ಆತ ಮುಸುಕನ್ನು ಮಾತ್ರ ಎತ್ತಲಿಲ್ಲ. ಎಲ್ಲರ ಪಾಪದ ಸಂಕೇತವನ್ನು ಹೊತ್ತವನಿಗೆ ಒಬ್ಬಳ ಪ್ರೀತಿಗೆ ಮುಖ ತೋರಿಸುವುದು ಸಾಧ್ಯವಾಗಲಿಲ್ಲ. ಮದುವೆ ಮನೆಯ ಕನ್ನಡಿಯಲ್ಲಿ ತನ್ನದೇ ಬಿಂಬ ಕಂಡು ಕತ್ತಲೆಗೆ ಓಡಿದವನೂ ಅವನೇ.

ಹಾಥಾರ್ನ್‌ಗೆ ಈ ವಸ್ತು ಪುಸ್ತಕದಿಂದಷ್ಟೇ ಬಂದುದಲ್ಲ. ಆತ 1804ರಲ್ಲಿ ಹುಟ್ಟಿದ್ದು ಸೇಲಂ ಪಟ್ಟಣದಲ್ಲಿ. 1692ರಲ್ಲಿ ಅಲ್ಲಿ ನಡೆದ ಮಾಟಗಾತಿಯರ ವಿಚಾರಣೆಯ ನ್ಯಾಯಾಧೀಶರಲ್ಲಿ ಆತನ ಪೂರ್ವಜ ಜಾನ್ ಹಾಥಾರ್ನ್ ಕೂಡ ಒಬ್ಬ. ನೆರೆಯವರ ಗುಪ್ತ ಪಾಪವನ್ನು ಬಯಲಿಗೆಳೆಯುವ ಆವೇಶಕ್ಕೆ 19 ಮಂದಿ ನೇಣುಗಂಬವೇರಿದರು. 1835ರಲ್ಲಿ ಪ್ರಕಟವಾದ ‘ಯಂಗ್ ಗುಡ್‌ಮನ್ ಬ್ರೌನ್’ ಕಥೆಯ ಹಿನ್ನೆಲೆಯೂ ಇದೇ ಸೇಲಂ. ಊರಿನ ಗಣ್ಯರೆಲ್ಲ ಸೈತಾನನ ಸಭೆಯಲ್ಲಿ ಸೇರಿರುವುದನ್ನು ಬ್ರೌನ್ ಒಂದು ರಾತ್ರಿ ಕಾಡಿನಲ್ಲಿ ಕಾಣುತ್ತಾನೆ. ಅದು ಕನಸೋ ನಿಜವೋ ಕಥೆ ಹೇಳುವುದಿಲ್ಲ. ಮರುದಿನದಿಂದ ಆತನಿಗೆ ಹೆಂಡತಿಯ ಮೇಲೂ ನಂಬಿಕೆಯಿಲ್ಲ. ಬ್ರೌನ್ ಪಾಪವನ್ನು ಅನ್ಯರಲ್ಲಿ ಕಂಡ. ಹೂಪರ್ ತನ್ನಲ್ಲೂ ಕಂಡ. ಇಬ್ಬರೂ ಬದುಕಿದ್ದು ಮಾತ್ರ ಒಂಟಿಯಾಗಿ.

ಮನುಷ್ಯನನ್ನು ಒಂಟಿಯಾಗಿಸುವುದು ಪಾಪವಲ್ಲ, ಅದರ ಅರಿವನ್ನು ನಮ್ಮ ನಡುವೆ ಗೋಡೆಯಾಗಿ ನಿಲ್ಲಿಸುವ ರೀತಿ ಎಂಬುದನ್ನು ಈ ಎರಡು ಕಥೆಗಳು ಒಟ್ಟಾಗಿ ಹೇಳುತ್ತವೆ. ಇಂದು ಪರರ ಮುಸುಕು ಎಳೆಯುವ ಕೆಲಸಕ್ಕೆ ಟಿ.ವಿ. ಚರ್ಚೆಗಳಿವೆ, ಅಂಗೈಯಲ್ಲಿ ಮೊಬೈಲ್ ಇದೆ. ಅಪರಾಧಕ್ಕೆ ವಿಚಾರಣೆ, ಶಿಕ್ಷೆ ಬೇಡವೆಂದಲ್ಲ, ಅದಕ್ಕೆ ನ್ಯಾಯಾಲಯಗಳಿವೆ. ಆದರೆ ಅನ್ಯರ ಪಾಪ ಬಯಲಾದಾಗ ನಮಗಾಗುವ ಸಮಾಧಾನ ನ್ಯಾಯಪ್ರಜ್ಞೆಯೋ, ನಮ್ಮ ಮುಸುಕು ಇನ್ನೂ ಭದ್ರವಾಗಿದೆ ಎಂಬ ನೆಮ್ಮದಿಯೋ? ಎಲ್ಲರ ಮುಖದ ಮೇಲೂ ಕಪ್ಪು ಮುಸುಕನ್ನೇ ಕಾಣುತ್ತಿದ್ದೇನೆ ಎಂಬ ಸಾಯುವ ಹೂಪರ್‌ನ ಮಾತಿಗೆ ಉತ್ತರಿಸಲು ಅಲ್ಲಿದ್ದವರಾರಿಗೂ ಆಗಲಿಲ್ಲ.

ಆತನ ಹಾಸಿಗೆಯ ಬಳಿ ಶುಶ್ರೂಷೆಗೆ ನಿಂತಿದ್ದವಳು ಎಲಿಜಬೆತ್. ಮುಸುಕಿನ ಹಿಂದೆ ಏನಿದೆಯೆಂದು ಅವಳಿಗೂ ಕೊನೆಯವರೆಗೆ ತಿಳಿಯಲಿಲ್ಲ. ತಿಳಿಯದೆಯೂ ಅವಳು ಉಳಿದಳು. ಕಥೆಯನ್ನು ಮತ್ತೊಮ್ಮೆ ಓದುವವರು ಪಾದ್ರಿಯ ಗುಟ್ಟನ್ನು ಬಿಟ್ಟು ಅವಳ ಕಡೆ ನೋಡುವುದು ಒಳ್ಳೆಯದು.